ಠರಾವು ಪುಸ್ತಕದಿಂದ ಪಂಕ್ತಿಯವರೆಗೆ: ನಮ್ಮ ಮಹಿಳಾ ಮಂಡಳದ ಸುವರ್ಣ ಮಹೋತ್ಸವ

ಶಿರಸಿ ಸೀಮೆಯ ಹಳ್ಳಿಯೊಂದರ ಮಹಿಳಾ ಮಂಡಳ ನಮ್ಮದು. ಐವತ್ತು ತುಂಬುತ್ತದೆ, ಏನಾದರೂ ಮಾಡಬೇಕು ಎಂದು ಕರೆದ ಮೊದಲ ಸಭೆಯಲ್ಲಿ ಮಾತೆಲ್ಲ ಶಾಮಿಯಾನ, ಊಟ, ಅತಿಥಿ ಈ ಮೂರರ ಸುತ್ತಲೇ ತಿರುಗಿತು. ಕೆಲಸಕ್ಕೆ ಇಳಿದ ಮೇಲೆ ತಿಳಿಯಿತು, ಅವು ಮೂರೂ ಕೊನೆಯ ಎರಡು ತಿಂಗಳಲ್ಲಿ ಆಗಿಹೋಗುವಂಥವು. ಅದಕ್ಕೂ ಹಿಂದಿನ ಹತ್ತು ತಿಂಗಳು ಬೇಕಾದದ್ದು ಹೆಸರುಗಳಿಗೆ. ಇಷ್ಟು ವರ್ಷ ಮಂಡಳದಲ್ಲಿ ಯಾರ್ಯಾರು ಇದ್ದರು, ಯಾವ ಕೆಲಸ ಯಾರ ಕೈಯಿಂದ ಆಯಿತು ಎಂಬ ಸರಿಯಾದ ಪಟ್ಟಿ ಇಲ್ಲದೆ ಸ್ಮರಣ ಸಂಚಿಕೆಯೂ ಆಗದು, ಸನ್ಮಾನವೂ ಆಗದು. 1975 ಅಂತರರಾಷ್ಟ್ರೀಯ ಮಹಿಳಾ ವರ್ಷ; ಅದರ ಹಿಂದೆ ಮುಂದೆ ಹುಟ್ಟಿದ ಮಂಡಳಗಳು ಈಗ ಐವತ್ತಕ್ಕೆ ಬರುತ್ತಿವೆ. ಅವರಿಗೆ ಉಪಯೋಗವಾಗಲಿ ಎಂದು, ನಾವು ಮಾಡಿದ್ದನ್ನೂ ತಪ್ಪಿದ್ದನ್ನೂ ಬರೆದಿದ್ದೇವೆ.

ಮಂಡಳದ ಕಾಗದಪತ್ರ ಯಾವತ್ತೂ ಒಂದೇ ಕಡೆ ಇರುವುದಿಲ್ಲ. ಕಾರ್ಯದರ್ಶಿ ಬದಲಾದಾಗ ನಡೆಯುತ್ತಿರುವ ಪುಸ್ತಕ ಹೊಸಬರ ಮನೆಗೆ ಹೋಗುತ್ತದೆ. ತುಂಬಿದ ಪುಸ್ತಕ ಹಳಬರ ಮನೆಯ ನಾಗಂದಿಗೆಯ ಮೇಲೇ ಉಳಿಯುತ್ತದೆ. ಹಾಗಾಗಿ ಮೊದಲು ಇದುವರೆಗಿನ ಎಲ್ಲ ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿಯರ ಮನೆಗೆ ಹೋಗಬೇಕು. ಫೋನಿನಲ್ಲಿ ಕೇಳಿದರೆ ‘ಯಂತದೂ ಇಲ್ಲೆ’ ಎಂಬ ಉತ್ತರ ಬರುತ್ತದೆ. ಮನೆಗೆ ಹೋಗಿ, ಆಸರಿಗೆ ಕುಡಿದು, ಹಳೆಯ ಮಾತು ತೆಗೆದರೆ ಅಟ್ಟದ ಮೇಲಿನ ಡಬ್ಬ ಕೆಳಗೆ ಇಳಿಯುತ್ತದೆ. ಹೀಗೆ ನಾಲ್ಕು ತಿಂಗಳು ತಿರುಗಿದ ಮೇಲೆ ಸಭೆಯ ನಿರ್ಣಯ ಬರೆದಿಡುವ ಏಳು ಠರಾವು ಪುಸ್ತಕ, ಎರಡು ಸದಸ್ಯತ್ವ ರಿಜಿಸ್ಟರು, ನಾಲ್ಕು ರೊಕ್ಕದ ಪುಸ್ತಕ, ಒಂದು ಚೀಲದ ತುಂಬ ರಸೀದಿಗಳ ಸ್ಥಳಪ್ರತಿ ಒಟ್ಟಾದವು. ಸ್ಥಳಪ್ರತಿಗಳನ್ನು ರದ್ದಿ ಎಂದು ಬಿಸಾಡಬೇಡಿ. ರಿಜಿಸ್ಟರಿನಲ್ಲಿ ಬಿಟ್ಟುಹೋದ ಎಷ್ಟೋ ಹೆಸರು ವಂತಿಗೆಯ ರಸೀದಿಯಲ್ಲಿ ಸಿಗುತ್ತವೆ.

ಮೊದಲ ಠರಾವು ಪುಸ್ತಕಕ್ಕೆ ಕೆಂಪು ಬಟ್ಟೆಯ ರಟ್ಟು. ಬೆನ್ನಿನ ಅಂಟನ್ನು ಹುಳ ತಿಂದು ಹಾಳೆಗಳು ಬರೀ ದಾರದಲ್ಲಿ ನಿಂತಿವೆ. ಪುಟದ ಮೇಲ್ಭಾಗದಲ್ಲಿ ನೀಲಿ ಶಾಯಿಯಲ್ಲಿ ‘ಠರಾವು ನಂ. 1’ ಎಂದು, ಅದರ ಕೆಳಗೆ ಸೂಚಕರು, ಅನುಮೋದಕರು, ಆಮೇಲೆ ‘ಸರ್ವಾನುಮತದಿಂದ ಠರಾಯಿಸಲಾಯಿತು’. ಎಡಗಡೆ ಹಾಜರಿದ್ದವರ ಸಹಿ, 27. ಕೆಲವು ಸಹಿಗಳು ರಂಗೋಲಿ ಬಿಡಿಸಿದಂತೆ ಒಂದೊಂದೇ ಅಕ್ಷರ ಕೂಡಿಸಿ ಬರೆದವು. ನಾಲ್ಕು ಕಡೆ ಹೆಬ್ಬೆಟ್ಟು, ಪಕ್ಕದಲ್ಲಿ ಬೇರೆಯವರ ಕೈಬರಹದಲ್ಲಿ ಹೆಸರು. ಮೂರನೆಯ ವರ್ಷದ ಪುಟಕ್ಕೆ ಬಂದರೆ ಆ ನಾಲ್ವರಲ್ಲಿ ಇಬ್ಬರ ಹೆಸರಿನೆದುರು ಹೆಬ್ಬೆಟ್ಟಿಲ್ಲ, ಸಹಿ ಇದೆ. ನಡುವೆ ಅಕ್ಷರ ಕಲಿಸುವ ತರಗತಿ ನಡೆಸಿದ ಬಗ್ಗೆ ಒಂದೇ ಸಾಲಿನ ಠರಾವು, ಸೀಮೆಎಣ್ಣೆ ದೀಪಕ್ಕೆ ಖರ್ಚಾದ ಹಣದ ಮಂಜೂರಾತಿ. ಮಂಡಳ ಏನು ಮಾಡಿತು ಎಂದು ಕೇಳಿದರೆ ಈ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಸಾಕು. ಸಂಚಿಕೆಯ ಮೊದಲ ಎರಡು ಪುಟ ನಾವು ಅದಕ್ಕೇ ಕೊಟ್ಟೆವು, ಶುಭಾಶಯ ಸಂದೇಶಗಳಿಗಲ್ಲ.

ಮಲೆನಾಡಿನ ಮಳೆಗಾಲ ಕಂಡ ಕಾಗದವನ್ನು ಕೈಗೆತ್ತಿಕೊಳ್ಳುವುದಕ್ಕೂ ಕ್ರಮವಿದೆ. ತೇವ ಹಿಡಿದ ಪುಸ್ತಕವನ್ನು ಅಡಿಕೆ ಒಣಗಿಸಿದಂತೆ ಅಂಗಳದ ಬಿಸಿಲಿಗೆ ಹಾಕಿದರೆ ಹಾಳೆ ಸೊಟ್ಟಗಾಗುತ್ತದೆ, ಮಡಿಕೆಯಲ್ಲಿ ಮುರಿಯುತ್ತದೆ, ಶಾಯಿ ಮಾಸುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿ ನೇರ ಬಡಿಯದ ಕಡೆ, ಪುಸ್ತಕವನ್ನು ಅರ್ಧ ಬಿಚ್ಚಿ ನಿಲ್ಲಿಸಿ ಮೂರು ದಿನ ಬಿಡಬೇಕು. ಹತ್ತು ಹಾಳೆಗೊಂದರಂತೆ ಖಾಲಿ ಬಿಳಿ ಕಾಗದ ಇಟ್ಟು, ದಿನಕ್ಕೆರಡು ಸಲ ಬದಲಿಸಬೇಕು. ಸುದ್ದಿಪತ್ರಿಕೆ ಇಡಬಾರದು, ಅದರ ಮಸಿ ಒದ್ದೆ ಹಾಳೆಗೆ ಹತ್ತುತ್ತದೆ. ಬೂಸಲನ್ನು ಒರೆಸಿದರೆ ಇನ್ನಷ್ಟು ಹರಡುತ್ತದೆ. ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಿಂದ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಜಗಲಿಯ ಹೊರಗೆ ಕೊಡವಬೇಕು. ಅಂಟಿದ ಹಾಳೆ ಬಿಡಿಸಲು ನಯ ಮಾಡಿದ ಬಿದಿರಿನ ಸೀಳು ಒಳ್ಳೆಯದು. ಎರಡು ಸಲ ಮೆಲ್ಲಗೆ ನೂಕಿದರೂ ಬಿಡದಿದ್ದರೆ ಹಾಗೇ ಇರಲಿ. ಹರಿದಲ್ಲಿಗೆ ಸೆಲ್ಲೋಟೇಪ್ ಹಚ್ಚಬೇಡಿ; ಹತ್ತು ವರ್ಷದಲ್ಲಿ ಟೇಪು ಉದುರುತ್ತದೆ, ಹಳದಿ ಕಲೆ ಮಾತ್ರ ಉಳಿಯುತ್ತದೆ. ನಮ್ಮ ಎರಡನೆಯ ಪುಸ್ತಕದಲ್ಲಿ ಯಾರೋ ಕಾಳಜಿಯಿಂದಲೇ ಹಚ್ಚಿದ ಟೇಪಿನ ಅಡಿಯಲ್ಲಿ ಮೂರು ಸಾಲು ಓದಲು ಬಾರದಂತಾಗಿದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಳಗೆ ಸಿಕ್ಕ ತೇವ ಹೊರಗೆ ಹೋಗದು, ಆಮೇಲೆ ಬಿಡಿಸಲೂ ಆಗದು.

ಒಣಗಿದ ಮೇಲೆ ಎಲ್ಲ ಪುಟಗಳ ಫೋಟೊ. ಕಿಟಕಿಯ ಪಕ್ಕ ಬೆಳಗಿನ ಬೆಳಕು, ಫ್ಲ್ಯಾಶ್ ಬೇಡ. ಎರಡು ಸ್ಟೂಲಿನ ನಡುವೆ ಹಲಗೆ ಅಡ್ಡ ಇಟ್ಟು, ಹಲಗೆಯ ತೂತಿನ ಮೇಲೆ ಕ್ಯಾಮೆರಾ ಕೆಳಗೆ ನೋಡುವಂತೆ ಮೊಬೈಲ್ ಇಟ್ಟರೆ ಕೈ ನಡುಗುವ ಮಾತಿಲ್ಲ. ಒಬ್ಬರು ಹಾಳೆ ಮಗುಚುವುದು, ಒಬ್ಬರು ಒತ್ತುವುದು. ಗಂಟೆಗೆ ನೂರೈವತ್ತು ಪುಟ ಆಗುತ್ತದೆ. ಫೈಲಿನ ಹೆಸರು ಪುಸ್ತಕದ ಅಂಕಿ, ಅಡ್ಡಗೆರೆ, ಪುಟದ ಅಂಕಿ: 02-047 ಅಂದರೆ ಎರಡನೆಯ ಪುಸ್ತಕದ 47ನೆಯ ಪುಟ. ಈ ಹೆಸರನ್ನು ಅಂದಿನ ದಿನವೇ ಕೊಡಬೇಕು. ನಾಳೆಗೆ ಬಿಟ್ಟರೆ ಯಾವ ಪುಟ ಯಾವ ಪುಸ್ತಕದ್ದು ಎಂದು ಹುಡುಕುವುದರಲ್ಲೇ ವಾರ ಹೋಗುತ್ತದೆ. ಇನ್ನೊಂದು ಎಚ್ಚರ: ವಾಟ್ಸಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಗಾತ್ರ ಕುಗ್ಗುತ್ತದೆ, ಮುದ್ರಣಕ್ಕೆ ಬಾರದು. ಡಾಕ್ಯುಮೆಂಟ್ ಎಂದು ಕಳಿಸಬೇಕು. ಪ್ರತಿಯನ್ನು ಎರಡು ಪೆನ್‌ಡ್ರೈವ್‌ನಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಬೇಕು.

ಇನ್ನು ಹೆಸರಿನ ವಿಷಯ. ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡದ್ದು, ಎಲ್ಲಕ್ಕಿಂತ ಹೆಚ್ಚು ಬೆಲೆಯದ್ದೂ ಇದೇ.

ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ಇತ್ತು. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು, ಕರೆಯುವುದು ಮೂರನೆಯದು. ಮಗಳಾಗಿ ಯುವತಿ ಮಂಡಳದಲ್ಲಿದ್ದು, ಪಕ್ಕದ ಊರಿಗೇ ಮದುವೆಯಾಗಿ ಮಹಿಳಾ ಮಂಡಳಕ್ಕೆ ಬಂದವರು ಪುಸ್ತಕದಲ್ಲಿ ಇಬ್ಬರು ಬೇರೆ ಬೇರೆ ಹೆಂಗಸರಾಗಿ ಕಾಣುತ್ತಾರೆ. ಇದರ ಎದುರು ತೊಂದರೆಯೂ ಇದೆ. ಒಂದೇ ಹೆಸರು, ಒಂದೇ ಅಡ್ಡಹೆಸರು ನಾಲ್ಕಾರು ಮನೆಗಳಲ್ಲಿರುತ್ತದೆ. ‘ಸರಸ್ವತಿ ಹೆಗಡೆ’ ಎಂದು ಬರೆದಿದ್ದರೆ ಮೇಲಿನಮನೆಯವರೋ ಕೆಳಗಿನಮನೆಯವರೋ, ಅತ್ತೆಯೋ ಸೊಸೆಯೋ ತಿಳಿಯದು. ಕೆಲವು ಕಾರ್ಯದರ್ಶಿಗಳು ‘ಶ್ರೀಮತಿ ಗ. ರಾ. ಭಟ್ಟ’ ಎಂದು ಗಂಡನ ಹೆಸರಿನ ಮೊದಲಕ್ಷರಗಳನ್ನೇ ಬರೆದು ಮುಗಿಸಿದ್ದಾರೆ. ಅಲ್ಲಿ ಆ ಹೆಂಗಸಿನ ಹೆಸರೇ ಇಲ್ಲ.

ನಾವು ಮಾಡಿದ ಪಟ್ಟಿಯಲ್ಲಿ ಏಳು ಕಲಂ: ಪುಸ್ತಕದಲ್ಲಿ ಇದ್ದಂತೆ ಹೆಸರು, ತವರಿನ ಹೆಸರು, ಗಂಡನ ಮನೆಯ ಹೆಸರು, ಮನೆ ಮತ್ತು ಕೇರಿ, ಮೊದಲ ಸಹಿ ಇರುವ ಪುಟದ ಅಂಕಿ, ಕೊನೆಯ ಸಹಿಯ ಪುಟ, ಹೇಳಿದವರು ಯಾರು. ಕೊನೆಯ ಕಲಂ ಬಿಡಬಾರದು. ಮುಂದೆ ಗೊಂದಲವಾದರೆ ಯಾರನ್ನು ಮತ್ತೆ ಕೇಳಬೇಕು ಎಂದು ಅದರಿಂದಲೇ ಗೊತ್ತಾಗುತ್ತದೆ. ಒಂದು ಹೆಸರನ್ನು ಇಬ್ಬರು ಬೇರೆ ಬೇರೆ ಕೂತು ಒಂದೇ ರೀತಿ ಹೇಳಿದರೆ ಮಾತ್ರ ಖಚಿತ ಎಂದು ಬರೆದೆವು. ಹಿರಿಯರನ್ನೆಲ್ಲ ಒಟ್ಟಿಗೆ ಕೂರಿಸಿ ಕೇಳಿದರೆ ಜೋರಾಗಿ ಮಾತಾಡುವವರ ಮಾತೇ ನಿಲ್ಲುತ್ತದೆ, ಉಳಿದವರು ‘ಹೌದೇನ’ ಎನ್ನುತ್ತಾರೆ. ಕೇಳುವಾಗ ಹೆಸರನ್ನು ಓದಿ ಹೇಳುವುದಕ್ಕಿಂತ ಸಹಿಯನ್ನೇ ದೊಡ್ಡದು ಮಾಡಿ ಮೊಬೈಲಿನಲ್ಲಿ ತೋರಿಸುವುದು ಒಳ್ಳೆಯದು. ಎಂಬತ್ತು ದಾಟಿದವರೂ ‘ತಂಗೀ, ಇದು ಯಂದೇ’ (ಇದು ನನ್ನದೇ) ಎಂದು ಸಹಿಯಿಂದ ಗುರುತು ಹಿಡಿಯುತ್ತಾರೆ.

ಹಳೆಯ ಪುಸ್ತಕಗಳಲ್ಲಿ ಇನ್ನೊಂದು ಭೇದ ಕಂಡಿತು. ತೋಟದ ಮನೆಗಳವರಿಗೆ ‘ಶ್ರೀಮತಿ’, ಅಡ್ಡಹೆಸರು ಎಲ್ಲ ಇದೆ. ಕೂಲಿಗೆ ಬರುತ್ತಿದ್ದ ಮನೆಗಳ ಸದಸ್ಯೆಯರಿಗೆ ಬರೀ ಒಂದು ಹೆಸರು, ಮುಂದೆ ಕೇರಿಯ ಹೆಸರು. ಮೂಲದ ಪುಟವನ್ನು ತಿದ್ದುವ ಹಕ್ಕು ನಮಗಿಲ್ಲ, ತಿದ್ದಲೂ ಬಾರದು. ಆದರೆ ಹೊಸ ಪಟ್ಟಿಯಲ್ಲಿ ಎಲ್ಲರಿಗೂ ಒಂದೇ ರೀತಿ ಪೂರ್ತಿ ಹೆಸರು ಕೊಡಬೇಕು ಎಂದು ಠರಾವು ಮಾಡಿದೆವು. ಪೂರ್ತಿ ಹೆಸರು ಹುಡುಕಲು ಆ ಮನೆಗಳ ಹಳೆಯ ಪಡಿತರ ಚೀಟಿ, ಮಕ್ಕಳ ಶಾಲಾ ದಾಖಲೆ ನೆರವಿಗೆ ಬಂದವು. ಕೊನೆಗೆ ನಿಂತ ಪಟ್ಟಿಯಲ್ಲಿ 412 ಹೆಸರು. ಅಕಾರಾದಿಯಲ್ಲಿ ಜೋಡಿಸಿದೆವು, ಪದಾಧಿಕಾರಿಗಳನ್ನು ಮೇಲೆ ಹಾಕಲಿಲ್ಲ.

ದಿನಾಂಕವಿಲ್ಲದ ಬಿಡಿ ಹಾಳೆಗಳನ್ನು ಹೊಂದಿಸಲು ಊರಿಗೆಲ್ಲ ಗೊತ್ತಿರುವ ಘಟನೆಗಳನ್ನು ಹಿಡಿಯಬೇಕು. ‘ಮರ ಅಪ್ಪುವ ಕಾರ್ಯಕ್ರಮಕ್ಕೆ ಹೋಗಿ ಬಂದ ಸದಸ್ಯೆಯರಿಗೆ ಅಭಿನಂದನೆ’ ಎಂದಿದ್ದರೆ ಅದು 1983ರ ಸೆಪ್ಟೆಂಬರ್ 8ರ ನಂತರದ್ದು, ಯಾಕೆಂದರೆ ಸಾಲ್ಕಣಿ ಬದಿಯ ಕಾಡಿನಲ್ಲಿ ಮರ ಉಳಿಸುವ ಅಪ್ಪಿಕೋ ಚಳವಳಿ ಶುರುವಾದದ್ದು ಆವತ್ತು. ಅಸ್ತ್ರ ಒಲೆ ಹಾಕಿಸುವ ತರಬೇತಿಯ ಮಾತಿದ್ದರೆ ಎಂಬತ್ತರ ದಶಕ. ಹೊಗೆ ಕೊಳವೆಯ ಆ ಒಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹಳ್ಳಿಗಳಿಗೆ ಬಂದ ಕಾಲ ಅದು. ಸ್ತ್ರೀಶಕ್ತಿ ಗುಂಪಿನ ಪ್ರಸ್ತಾಪ ಇದ್ದರೆ 2000ನೇ ಇಸವಿಗಿಂತ ಹಿಂದಿನದ್ದಲ್ಲ. ‘ಜಾತ್ರೆಯ ನಿಮಿತ್ತ ಸಭೆ ಮುಂದೂಡಿದೆ’ ಎಂದಿದ್ದರೆ ಶಿರಸಿಯ ಮಾರಿಕಾಂಬಾ ಜಾತ್ರೆಯ ವರ್ಷ. ಅದು ಎರಡು ವರ್ಷಕ್ಕೊಮ್ಮೆ ಬರುವುದರಿಂದ ಅರ್ಧದಷ್ಟು ವರ್ಷಗಳನ್ನು ಬಿಟ್ಟುಬಿಡಬಹುದು, ಆದರೆ ಜೊತೆಗೆ ಇನ್ನೊಂದು ಸಾಕ್ಷಿ ಬೇಕೇ ಬೇಕು. ಎರಡು ಸಾಕ್ಷಿ ಸಿಗದ ಹಾಳೆಗಳಿಗೆ ಇಸವಿ ಬರೆಯಲಿಲ್ಲ.

ಫೋಟೊಗಳಲ್ಲಿ ಹೆಚ್ಚಿನವು ಗೋಡೆಯ ಫ್ರೇಮಿನಲ್ಲಿ ಗಾಜಿಗೆ ಅಂಟಿಕೊಂಡಿರುತ್ತವೆ. ಎಳೆದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, 600 ಡಿಪಿಐ. ಚಿತ್ರದ ಹಿಂದೆ ಬಾಲ್‌ಪೆನ್ನಿನಿಂದ ಬರೆದರೆ ಮುಂದೆ ಉಬ್ಬು ಮೂಡುತ್ತದೆ, ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಬೇಕು. ಸಾಲಿನಲ್ಲಿ ನಿಂತವರ ಹೆಸರು ಬರೆಯುವಾಗ ‘ಎಡದಿಂದ ಬಲಕ್ಕೆ’ ಅಂದರೆ ನೋಡುವವರ ಎಡ ಎಂದು ಮೊದಲೇ ತೀರ್ಮಾನವಾಗಿರಲಿ.

ಇದರ ಜೊತೆಗೇ ಕಾನೂನಿನ ಕಾಗದ ನೋಡಿಕೊಳ್ಳಬೇಕು, ಇಲ್ಲವಾದರೆ ದೇಣಿಗೆ ತೆಗೆದುಕೊಳ್ಳುವ ಹೊತ್ತಿಗೆ ತೊಡಕಾಗುತ್ತದೆ. ನಮ್ಮದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿಸಿದ ಸಂಘ. ಈ ಕಾಯ್ದೆಯ 13ನೇ ಕಲಂ ಪ್ರಕಾರ ವಾರ್ಷಿಕ ಸಭೆಯ ನಂತರ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕ ತಪಾಸಣೆ ಆದ ಜಮಾ ಖರ್ಚು, ಆಸ್ತಿ ಹೊಣೆ ಪಟ್ಟಿಗಳನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಹಳ್ಳಿಯ ಮಂಡಳಗಳು ತಪ್ಪುವುದು ಇಲ್ಲೇ. ಸಭೆ ಆಗಿರುತ್ತದೆ, ಲೆಕ್ಕ ಒಪ್ಪಿರುತ್ತಾರೆ, ಕಾರವಾರಕ್ಕೆ ಕಳಿಸಿರುವುದಿಲ್ಲ. ದೇವಿಮನೆ ಘಟ್ಟ ಇಳಿದು ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗುವವರು ಯಾರು ಎಂದು ಒಂದು ವರ್ಷ ಬಿಟ್ಟದ್ದು ಮೂರು ವರ್ಷವಾಗುತ್ತದೆ. ಬಾಕಿ ಇದ್ದ ವರ್ಷಗಳ ಲೆಕ್ಕವನ್ನು ಒಟ್ಟಿಗೆ ತಪಾಸಣೆ ಮಾಡಿಸಿ, ದಂಡ ಸಮೇತ ಕಟ್ಟಿ ಮುಗಿಸಲು ನಮಗೆ ಐದು ತಿಂಗಳು ಬೇಕಾಯಿತು. ಮೂಲ ನೋಂದಣಿ ಪತ್ರ, ಉಪನಿಯಮಗಳ ಪ್ರತಿ, ಪ್ರತಿ ವರ್ಷದ ಸಭೆಯ ಠರಾವಿನ ನಕಲು ಇವನ್ನು ಮೊದಲೇ ಜೋಡಿಸಿಕೊಂಡು ಹೋದರೆ ಓಡಾಟ ಅರ್ಧ ಕಡಿಮೆ.

ಬ್ಯಾಂಕು ಇನ್ನೊಂದು. ಎರಡು ವರ್ಷ ಖಾತೆದಾರರಿಂದ ವ್ಯವಹಾರವೇ ಆಗದಿದ್ದರೆ ಉಳಿತಾಯ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಹೋದರೂ ದಾಖಲೆ ಕೊಟ್ಟು ವಾಪಸು ಕೇಳಬಹುದು. ಹಳೆಯ ಹೊಲಿಗೆ ತರಗತಿಯ ಹೆಸರಿನಲ್ಲಿ ಮರೆತುಹೋದ ಖಾತೆ ಇದೆಯೇ ಎಂದು ರೊಕ್ಕದ ಪುಸ್ತಕದಲ್ಲಿ ಹುಡುಕಿ. ಪಾಸ್‌ಬುಕ್ ಮೇಲಿರುವ ಬ್ಯಾಂಕು ಈಗ ಇಲ್ಲದಿದ್ದರೆ ಗಾಬರಿ ಬೇಡ: ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಿಂದ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ದಿನದಿಂದ ಯೂನಿಯನ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಿಂದ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿವೆ. ತೀರಿಕೊಂಡ ಖಜಾಂಚಿಯ ಸಹಿ ಇನ್ನೂ ಖಾತೆಯಲ್ಲಿದ್ದರೆ, ಬದಲಾವಣೆಯ ಠರಾವಿನ ದೃಢೀಕೃತ ನಕಲು ಬೇಕು. ದೇಣಿಗೆ ಕೇಳುವಾಗ ‘ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ (80ಜಿ) ಇದೆ’ ಎಂದು ಸುಮ್ಮನೆ ಹೇಳಬಾರದು. ಅದಕ್ಕೆ ಆದಾಯ ತೆರಿಗೆ ಇಲಾಖೆಯ ಪ್ರತ್ಯೇಕ ನೋಂದಣಿ ಬೇಕು, ಇದ್ದರೂ 2000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿ ಸಿಗುವುದಿಲ್ಲ. ನಾವು ಹೆಚ್ಚಿನದನ್ನು ಚೆಕ್ಕಿನಲ್ಲೇ ತೆಗೆದುಕೊಂಡೆವು.

ದಿನ ಗೊತ್ತುಮಾಡುವುದು ಪಂಚಾಂಗ ನೋಡಿ ಮುಗಿಯುವ ಮಾತಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ನವೆಂಬರಿನಿಂದ ಜನವರಿಯವರೆಗೆ ಅಡಿಕೆಯ ಕೊನೆ (ಗೊನೆ) ಕೊಯ್ಲು, ಬೇಯಿಸುವುದು, ಸುಲಿಯುವುದು. ಮನೆಯಲ್ಲಿ ಒಂದು ಕೈಯೂ ಬಿಡುವಿರುವುದಿಲ್ಲ. ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ, ಏಪ್ರಿಲ್ ಮೇ ಮದುವೆ ಮುಂಜಿ. ನಮಗೆ ಹೊಂದುವುದು ಫೆಬ್ರವರಿ. ಜಾತ್ರೆಯ ವರ್ಷವಾದರೆ ಅದೂ ಇಲ್ಲ, ಶಾಮಿಯಾನ ವಾಹನ ಯಾವುದೂ ಸಿಗದು. ನಾವು ಜಾತ್ರೆ ಇಲ್ಲದ ವರ್ಷದ ಫೆಬ್ರವರಿ ಮೊದಲ ಭಾನುವಾರ ಹಿಡಿದೆವು. ಆಲೆಮನೆಯ ಹಂಗಾಮು, ಹಾಗಾಗಿ ಕಬ್ಬಿನ ಹಾಲಿಗೂ ಕೊರತೆಯಿಲ್ಲ.

ಸ್ಮರಣ ಸಂಚಿಕೆಗೆ ಕ್ರೌನ್ 1/4 ಆಕಾರ ಆರಿಸಿದೆವು. ಡೆಮಿ 1/8ರ ಚಿಕ್ಕ ಪುಟದಲ್ಲಿ ಗುಂಪಿನ ಫೋಟೊದ ಮುಖಗಳು ಕಾಣುವುದಿಲ್ಲ. ಪುಟಗಳು 16ರ ಲೆಕ್ಕದಲ್ಲಿ ಬರಬೇಕು, 16 ಪುಟಕ್ಕೆ ಒಂದು ಫಾರಂ. ನಮ್ಮದು ಏಳು ಫಾರಂ, 112 ಪುಟ. 115 ಪುಟಕ್ಕೆ ಲೇಖನ ತುಂಬಿಸಿಕೊಂಡು ಹೋದರೆ ಒಂದೋ ಮೂರು ಪುಟ ಕತ್ತರಿಸಬೇಕು, ಇಲ್ಲವೇ ಇನ್ನೊಂದು ಫಾರಮಿಗೆ ದುಡ್ಡು ಕೊಡಬೇಕು. ಒಳಗೆ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಮ್ಯಾಪ್‌ಲಿಥೊ ಕಾಗದ, ಫೋಟೊ ಫಾರಮಿಗೆ ಆರ್ಟ್ ಪೇಪರ್, ರಕ್ಷಾಪುಟ 300 ಜಿಎಸ್‌ಎಂ. ಐನೂರು ಪ್ರತಿ.

ಅಕ್ಷರ ತಪ್ಪು ಬಂದದ್ದು ಫಾಂಟಿನಿಂದ. ಬರಹಗಳು ಕೆಲವು ‘ನುಡಿ’ ತಂತ್ರಾಂಶದಲ್ಲಿ, ಕೆಲವು ಮೊಬೈಲಿನ ಯುನಿಕೋಡ್‌ನಲ್ಲಿ ಬಂದವು. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಒಡೆಯುತ್ತದೆ. ‘ಕಾರ್ಯದರ್ಶಿ’ ಎಂಬ ಒಂದೇ ಶಬ್ದ ನಾಲ್ಕು ಬಗೆಯಾಗಿ ಬಂದಿತ್ತು. ಲೇಖನದಲ್ಲಿ ಹೀಗಾದರೆ ಓದುವವರು ಸರಿಪಡಿಸಿಕೊಳ್ಳುತ್ತಾರೆ, ಹೆಸರಿನಲ್ಲಿ ಆದರೆ ಬೇರೆಯವರೇ ಆಗಿಬಿಡುತ್ತಾರೆ. ಆದ್ದರಿಂದ ಹೆಸರಿನ ಪಟ್ಟಿಯನ್ನು ಎಲ್ಲಿಂದಲೂ ಬದಲಿಸಿ ತರಲಿಲ್ಲ, ಮುದ್ರಣದ ಫೈಲಿನಲ್ಲೇ ಹೊಸದಾಗಿ ಬೆರಳಚ್ಚು ಮಾಡಿಸಿದೆವು. ಕರಡು ತಿದ್ದುವಾಗ ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕೈಬರಹದ ಪಟ್ಟಿಯಲ್ಲಿ ಬೆರಳಿಟ್ಟು ನೋಡುವುದು. ಕಣ್ಣಿನಿಂದ ಮಾತ್ರ ಓದಿದರೆ ಗೊತ್ತಿರುವ ಹೆಸರಿನ ತಪ್ಪು ಕಾಣುವುದೇ ಇಲ್ಲ. ಮೂರು ಕರಡು ನೋಡಿದ ಮೇಲೆ ಸಹಿ ಹಾಕಿ ಕೊಟ್ಟೆವು.

ಬಂದವರಿಗೆಲ್ಲ ತೊಡದೇವು, ಅಂದರೆ ಕಬ್ಬಿನ ಹಾಲಿನ ತೆಳ್ಳನೆಯ ಗರಿಗರಿ ಸಿಹಿ, ಕೊಡಬೇಕೆಂಬುದು ಎಲ್ಲರ ಆಸೆ. ತಲೆಗೆ ಎರಡರಂತೆ 1200. ಮುಂಚಿನ ದಿನ ಮಾಡಿದರೆ ಗರಿ ಉಳಿಯುತ್ತದೆ, ಅದಕ್ಕಿಂತ ಹಿಂದೆ ಮಾಡಿದರೆ ಡಬ್ಬದ ಮುಚ್ಚಳ ಬಿಗಿ ಇರಬೇಕು. ನಾಲ್ಕು ತಾಸು ನೆನೆದ ಅಕ್ಕಿಯನ್ನು ಕಬ್ಬಿನ ಹಾಲಿನಲ್ಲೇ ಗಂಧದಷ್ಟು ನುಣ್ಣಗೆ ರುಬ್ಬಬೇಕು. ತರಿ ಇದ್ದರೆ ಬಟ್ಟೆ ಎಳೆದಲ್ಲಿ ಗೀರು ಬೀಳುತ್ತದೆ. ಚಿಟಿಕೆ ಅರಿಸಿನ, ಉಪ್ಪು. ಹಿಟ್ಟು ಮಜ್ಜಿಗೆಯಷ್ಟು ತೆಳ್ಳಗೆ. ಒಲೆಯ ಮೇಲೆ ಬೋರಲು ಹಾಕಿದ ಮಣ್ಣಿನ ಗಡಿಗೆಯ ಬೆನ್ನಿಗೆ ಎಣ್ಣೆ ಸವರಿ, ಕೋಲಿಗೆ ಸುತ್ತಿದ ತೆಳು ಪಂಚೆ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಒಂದೇ ಎಳೆತಕ್ಕೆ ತೊಡೆಯಬೇಕು. ಅಂಚು ತಾನಾಗಿ ಎದ್ದಾಗ ತುಪ್ಪ ಚಿಮುಕಿಸಿ, ಗಡಿಗೆಯ ಮೇಲೇ ಮಡಚಿ ತೆಗೆಯುವುದು. ಗಡಿಗೆ ಕಾದದ್ದು ಹೆಚ್ಚಾದರೆ ಹಿಟ್ಟು ಚುರ್ರೆಂದು ಸಿಡಿದು ಬಲೆಯಂತೆ ತೂತು ತೂತಾಗುತ್ತದೆ. ಕಡಿಮೆಯಾದರೆ ದಪ್ಪನಾಗಿ ಅಂಟಿ ಕೂರುತ್ತದೆ. ಸಿಹಿ ಹೆಚ್ಚಾದರೆ ಎಬ್ಬಿಸುವ ಮೊದಲೇ ಕಂದುತ್ತದೆ. ಬೆಳಗಿನ ಹಾಲಿಗಿಂತ ಮಧ್ಯಾಹ್ನ ತಂದ ಹಾಲು ಗಟ್ಟಿ ಸಿಹಿಯಿದ್ದು, ಹೀಗೇ ಆಯಿತು. ಸ್ವಲ್ಪ ನೀರು, ಒಂದು ಹಿಡಿ ರುಬ್ಬಿದ ಅಕ್ಕಿ ಸೇರಿಸಿದ ಮೇಲೆ ಸರಿಹೋಯಿತು. ಪಳಗಿದ ಕೈಗೆ ಗಂಟೆಗೆ 35ರಿಂದ 40. ನಾಲ್ಕು ಗಡಿಗೆ, ಎಂಟು ತಾಸು. ಹೊಸ ಗಡಿಗೆಯಲ್ಲಿ ಮೊದಲ ಹತ್ತಿಪ್ಪತ್ತು ಏಳುವುದೇ ಇಲ್ಲ, ಹಾಗಾಗಿ ಹಳೆಯ ಗಡಿಗೆಗಳನ್ನೇ ಮನೆಗಳಿಂದ ಎರವಲು ತಂದೆವು.

ಊಟದ ವಿಷಯದಲ್ಲಿ ಒಂದು ಠರಾವು ಮೊದಲೇ ಮಾಡಿಕೊಂಡಿದ್ದೆವು: ಆವತ್ತು ಸದಸ್ಯೆಯರು ಯಾರೂ ಅಡುಗೆಗೂ ಬಡಿಸುವುದಕ್ಕೂ ನಿಲ್ಲಬಾರದು. ಮಂಡಳದ ಹಬ್ಬದ ದಿನ ಮಂಡಳದವರೇ ಸೌಟು ಹಿಡಿದು ನಿಂತರೆ ಸಭೆಯಲ್ಲಿ ಕೂರುವವರು ಯಾರು? ಅಡುಗೆಗೆ ಭಟ್ಟರು, ಬಡಿಸಲು ಮನೆಮನೆಯ ಗಂಡಸರು. ಅವರಿಗೆ ಹಿಂದಿನ ಸಂಜೆ ಎಲೆಯಲ್ಲಿ ಯಾವುದು ಎಲ್ಲಿ ಎಂದು ತೋರಿಸಿದೆವು. 600 ಎಲೆಗೆ ಅಕ್ಕಿ 65 ಕಿಲೋ, ತೊಗರಿಬೇಳೆ 14 ಕಿಲೋ, ತೆಂಗಿನಕಾಯಿ 90, ಮೊಸರು 60 ಲೀಟರು. ಎಲೆ 650 ತರಿಸಿದ್ದು ಸರಿಹೋಯಿತು. ಪಂಕ್ತಿಗೆ 150ರಂತೆ ನಾಲ್ಕು, ಒಂದಕ್ಕೆ ನಲವತ್ತು ನಿಮಿಷ. ವಯಸ್ಸಾದವರಿಗೆ ಮೇಜು ಕುರ್ಚಿ ಬೇರೆ, ಮೊದಲ ಪಂಕ್ತಿಯಲ್ಲೇ. ಅಪ್ಪೆಹುಳಿ ಎಂಬ ಮಾವಿನಕಾಯಿ ಸಾರಿಗೆ ಹೊಸ ಕಾಯಿ ಬಲಿತಿರಲಿಲ್ಲ, ಉಪ್ಪುನೀರಿನಲ್ಲಿಟ್ಟ ಕಾಯಿ ಬಳಸಿದೆವು. ಅದರಲ್ಲೇ ಉಪ್ಪಿರುವುದರಿಂದ ಕಿವುಚಿ ನೀರು ಬೆರೆಸಿ ರುಚಿ ನೋಡುವವರೆಗೆ ಉಪ್ಪು ಹಾಕಬಾರದು. ಮೊದಲ ಹಂಡೆಗೆ ಅಭ್ಯಾಸದ ಕೈಯಲ್ಲಿ ಉಪ್ಪು ಬಿತ್ತು. ಅದಕ್ಕೆ ಅಷ್ಟೇ ನೀರು ಸೇರಿಸಿ, ಒಗ್ಗರಣೆಗೆ ಇಂಗು ಮೆಣಸು ಇನ್ನೊಂದು ಸಲ ಕೊಡಬೇಕಾಯಿತು.

ಕಾರ್ಯಕ್ರಮ ಬೆಳಗ್ಗೆ ಹತ್ತಕ್ಕೆ ಶುರುವಾಗಿ ನಾಲ್ಕಕ್ಕೆ ಮುಗಿಯಬೇಕು. ಐದಕ್ಕೆ ಕೊಟ್ಟಿಗೆಯಲ್ಲಿ ಹಾಲು ಕರೆಯುವವರು ಇವರೇ, ಹಳ್ಳಿಯ ಕೊನೆಯ ಬಸ್ಸೂ ಆ ಹೊತ್ತಿಗೇ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ್ದರಿಂದ ಮದುವೆಯಾಗಿ ಕುಮಟಾ, ಅಂಕೋಲಾ, ಕಾರವಾರಕ್ಕೆ ಹೋದವರೂ ಬಂದರು, ಆದರೆ ಅವರು ಮರಳುವ ಬಸ್ಸಿನ ಹೊತ್ತು ನೋಡಿ ಮಧ್ಯಾಹ್ನದ ತಾಳಮದ್ದಳೆಯನ್ನು ಒಂದೂವರೆ ತಾಸಿಗೆ ಇಳಿಸಿದೆವು. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಅನುಮತಿ ವಾರ ಮೊದಲೇ. ಬ್ಯಾನರು ಬಟ್ಟೆಯದು. ಅತಿಥಿಗಳ ಭಾಷಣ ಮೂರು, ತಲಾ ಹತ್ತು ನಿಮಿಷ.

412 ಹೆಸರುಗಳನ್ನೂ ವೇದಿಕೆಯಿಂದ ಓದಿದೆವು. ಹೊತ್ತು ಹಾಳು ಎಂದು ಕೆಲವರು ಮೊದಲು ಬೇಡವೆಂದಿದ್ದರು. ಓದಲು ಹಿಡಿದದ್ದು 22 ನಿಮಿಷ. ಇಬ್ಬರು ಹುಡುಗಿಯರು ಸರದಿಯಲ್ಲಿ, ಪ್ರತಿ ಹೆಸರಿನ ನಂತರ ಒಂದು ಉಸಿರು ನಿಂತು ಓದಿದರು. ಮಕ್ಕಳು ಗಲಾಟೆ ಮಾಡಲಿಲ್ಲ. ತಮ್ಮ ಅಜ್ಜಿಯ ಹೆಸರು ಬರುವುದನ್ನು ಕಾಯುತ್ತಿದ್ದರು.

ಮೊದಲ ಸಭೆಯ 27 ಮಂದಿಯಲ್ಲಿ ಈಗ ಆರು ಮಂದಿ ಇದ್ದಾರೆ. ಅವರಿಗೆ ಶಾಲು, ಹಣ್ಣಿನ ಬುಟ್ಟಿ ಕೊಡಲಿಲ್ಲ. ಅವರ ಮೊದಲ ಸಹಿ ಇರುವ ಪುಟವನ್ನು ಅಸಲಿನ ಅಳತೆಯಲ್ಲೇ ಮುದ್ರಿಸಿ, ಕಟ್ಟು ಹಾಕಿಸಿ ಕೊಟ್ಟೆವು. ಜೊತೆಗೆ ಡೇರೆ (ಡೇಲಿಯಾ) ಹೂವಿನ ಗಡ್ಡೆ. ನಮ್ಮ ಹೆಣ್ಣುಮಕ್ಕಳ ಕೊಡುಕೊಳೆ ಡೇರೆ ಗಡ್ಡೆಯಿಂದಲೇ ಶುರು ತಾನೇ. ಫೆಬ್ರವರಿಯಲ್ಲಿ ಗಡ್ಡೆ ಮಲಗಿರುತ್ತದೆ, ಕೊಡಲು ಸರಿಯಾದ ಕಾಲ. ಬಿಡಿ ಗಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ, ಹಳೆಯ ದಂಟಿನ ಬುಡದ ಚೂರು ಅಂಟಿಕೊಂಡಿರಬೇಕು, ಕಣ್ಣು ಇರುವುದು ಅಲ್ಲಿ. ಒಣ ಮರಳಿನಲ್ಲಿಟ್ಟು, ಬಣ್ಣದ ಹೆಸರು ಬರೆದ ಚೀಟಿ ಸಮೇತ ಕೊಟ್ಟೆವು. ನಡೆಯಲಾಗದ ಇಬ್ಬರ ಮನೆಗೆ ಹಿಂದಿನ ದಿನವೇ ಹೋಗಿ, ಅಲ್ಲೇ ಜಗಲಿಯಲ್ಲಿ ಕೊಟ್ಟು ಬಂದೆವು.

ಮುಗಿದ ಮೇಲಿನ ಕೆಲಸ ಮೂವತ್ತು ದಿನದ್ದು. ಎಲ್ಲ ಬಿಲ್ಲುಗಳಿಗೆ ಅಂಕಿ ಹಾಕಿ, ಬಿಲ್ಲಿಲ್ಲದ ಖರ್ಚಿಗೆ ವೋಚರು ಬರೆದು, 5000 ಮೀರಿದ ಪಾವತಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪು ಅಂಟಿಸಿ, ವಿಶೇಷ ಸಭೆಯಲ್ಲಿ ಲೆಕ್ಕ ಓದಿದೆವು. ಠರಾವು ಪುಸ್ತಕಗಳನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಬಜೆ ಬೇರಿನ ತುಂಡು ಇಟ್ಟು, ನೆಲದಿಂದ ಎರಡಡಿ ಎತ್ತರದ ಕಬ್ಬಿಣದ ಕಪಾಟಿನಲ್ಲಿ ಇಟ್ಟಿದ್ದೇವೆ. ಗೋಡೆಗೆ ತಾಗಿಸಿಲ್ಲ, ವರಲೆ (ಗೆದ್ದಲು) ಬರುವುದು ಗೋಡೆಯಿಂದಲೇ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ನೋಡುವ ಸರದಿಯ ಪಟ್ಟಿ ಕಪಾಟಿನ ಬಾಗಿಲಿಗೆ ಹಚ್ಚಿದೆ.

ಸಂಚಿಕೆ ಮನೆಮನೆಗೆ ಹೋದ ಎರಡು ವಾರದಲ್ಲಿ ಮೂರು ಹೆಸರು ಬಿಟ್ಟುಹೋದದ್ದು ತಿಳಿಯಿತು. ಇಬ್ಬರು ಒಂದೇ ಮನೆಯ ಅತ್ತೆ ಸೊಸೆ. ಒಂದೇ ಹೆಸರೆಂದು ಒಬ್ಬರೇ ಎಂದುಕೊಂಡು ಒಂದು ಸಾಲು ಹೊಡೆದುಹಾಕಿದ್ದೆವು, ಇನ್ನೊಂದು ಸಾಲನ್ನು ಆ ಗೊಂದಲದಲ್ಲಿ ಮರೆತಿದ್ದೆವು. ಮೂರನೆಯವರು ಒಂದೇ ವರ್ಷ ಸದಸ್ಯರಾಗಿದ್ದು ಬಾಣಂತನದಲ್ಲಿ ತೀರಿಕೊಂಡವರು. ರಸೀದಿಯ ಸ್ಥಳಪ್ರತಿಯಲ್ಲಿ ಅವರ ವಂತಿಗೆ ಇದ್ದೇ ಇತ್ತು, ನಾವು ನೋಡಿದ್ದು ಸಾಲದಾಗಿತ್ತು. ತಪ್ಪೋಲೆ ಮುದ್ರಿಸಿ ಉಳಿದ ಪ್ರತಿಗಳಲ್ಲಿ ಪಟ್ಟಿಯ ಎದುರಿಗೇ ಅಂಟಿಸಿದೆವು, ಆಗಲೇ ಕೊಟ್ಟಿದ್ದ ಮನೆಗಳಿಗೆ ಕೈಯಲ್ಲಿ ತಲುಪಿಸಿದೆವು. ಈಗ ಪಟ್ಟಿಯಲ್ಲಿ 415 ಹೆಸರಿವೆ. ಕೈಬರಹದ ಮೂಲ ಪಟ್ಟಿಯ ಕೊನೆಗೆ ನಾಲ್ಕು ಹಾಳೆ ಖಾಲಿ ಹೊಲಿಸಿ ಇಟ್ಟಿದ್ದೇವೆ.